ಪಕ್ಕದ ಮನೆಯವರ ಮೇಲಿನ ದೂರು: ಪದಕ್ಕಿಂತ ಮೊದಲು ಊರು ನೋಡಿ

ಬೆಂಗಳೂರಿನಲ್ಲಿ ಕೂತು ಸ್ಪ್ಯಾನಿಷ್ ದೂರುಗಳನ್ನು ಓದುವುದು ನನ್ನ ಕೆಲಸ. ಸ್ಪೇನ್, ಮೆಕ್ಸಿಕೊ, ಕೊಲಂಬಿಯಾ, ಅರ್ಜೆಂಟೀನಾ ಕಡೆ ನಾಲ್ಕಾರು ದಿನಕ್ಕೆ ಮನೆ ಬಾಡಿಗೆ ಹಿಡಿದವರು ಬರೆಯುವ ದೂರುಗಳವು. ನಲ್ಲಿ ಸೋರುತ್ತಿದೆ, ಬೀಗ ಕೆಟ್ಟಿದೆ ಅಂತ ಬಂದರೆ ಸುಲಭ. ಪಕ್ಕದ ಮನೆಯವರ ಬಗ್ಗೆ ಬಂದರೆ ಮಾತ್ರ ನಿಂತು ಓದಬೇಕು. ಇದು ಗೊಣಗಾಟವೋ, ಬೈಗುಳವೋ, ಬೆದರಿಕೆಯೋ? ವಿಂಗಡಿಸಿ ಕಳಿಸುವವರು ನಾವೇ. ಟೀಮಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು, ದೂರು ಯಾವ ಊರಿಂದ ಬಂತು ನೋಡಿ ಅಂತ.

ಸ್ಪೇನಿನಲ್ಲಿ ಊರ ಉಸಾಬರಿ ಮಾಡುವವರಿಗೆ 'ಕೊತಿಯಾ' ಅನ್ನುತ್ತಾರೆ. ಕಿಟಕಿಯ ತೆಳು ಪರದೆ ಸರಿಸಿ ಇಣುಕುವವರಿಗೆ 'ಬಿಯೆಹಾ ದೆಲ್ ಬಿಸಿಯೊ', ಅಂದರೆ ಪರದೆ ಮುದುಕಿ. ಹೊಸೆ ಮೋತಾ ಎಂಬ ಹಾಸ್ಯನಟ ಟಿವಿಯಲ್ಲಿ ಆ ವೇಷ ಹಾಕಿದ ಮೇಲೆ ಅದು ಮನೆಮಾತಾಯಿತು. ಇವೆರಡೂ ಸಾಮಾನ್ಯವಾಗಿ ಗೊಣಗಾಟವೇ. 'ಮಾರುಹಾ' ಅಂದರೆ ಹಾಗಲ್ಲ. ಮನೆ ನೋಡಿಕೊಳ್ಳುವ ಹೆಂಗಸರಿಗೆ ಬೇರೆ ಕೆಲಸವಿಲ್ಲ, ಹರಟುವುದೊಂದೇ ಗೊತ್ತು ಅಂತ ಹೀಯಾಳಿಸುವ ಪದ ಅದು. ಗಂಡಸರೇನು ಕಮ್ಮಿ ಮಾತಾಡುತ್ತಾರಾ? ಆದರೂ ಇಂಥ ಪದ ಹೆಂಗಸರ ಮೇಲೇ ಜಾಸ್ತಿ ಬೀಳುತ್ತದೆ. ನನಗದು ಬೇಸರದ ವಿಷಯ.

ಇನ್ನು ಕೆಲವರು 'ಬೀದಿಯವರೆಲ್ಲ ನಮ್ಮನ್ನೇ ನೋಡುತ್ತಾ ಕೂರುತ್ತಾರೆ' ಅಂತ ಹೆದರಿ ಬರೆಯುತ್ತಾರೆ. ಅದು ದಕ್ಷಿಣ ಸ್ಪೇನಿನ ಹಳ್ಳಿಯಾದರೆ, ಬೇಸಿಗೆಯಾದರೆ, ಸಂಜೆ ಎಷ್ಟು ಹೊತ್ತಿಗೆ ಅಂತ ಕೇಳಿ. ಬಿಸಿಲಿಳಿದ ಮೇಲೆ ಮನೆ ಮುಂದೆ ಕುರ್ಚಿ ಹಾಕಿಕೊಂಡು ಗಾಳಿಗೆ ಕೂತು ಹರಟುವುದು ಅಲ್ಲಿ ಹಳೇ ರೂಢಿ. ಕಾದಿಸ್ ಪ್ರಾಂತ್ಯದ ಆಲ್ಗಾರ್ ಎಂಬ ಪುಟ್ಟ ಊರಿನ ಮೇಯರ್ 2021ರಲ್ಲಿ ಈ ಹರಟೆಗೆ ಯುನೆಸ್ಕೊ ಪರಂಪರೆಯ ಮನ್ನಣೆ ಸಿಗಬೇಕು ಅಂತ ಹೊರಟಿದ್ದರು. ಹೊಸಬರು ಬಂದರೆ ಎಲ್ಲರೂ ತಿರುಗಿ ನೋಡುತ್ತಾರೆ, ನಿಜ. ಅದಕ್ಕೆ ಸುಮ್ನೆ ಮನೆ ಮಾಲೀಕರ ಮೇಲೆ ದೂರು ದಾಖಲಿಸುವುದು ಬೇಡ.

'ಚುಸ್ಮಾ' ನೋಡಿ. ಬ್ಯೂನಸ್ ಐರಿಸ್‌ನಿಂದ ಬಂದರೆ ಪಕ್ಕದಾಕೆಗೆ ಎಲ್ಲರ ಸುದ್ದಿ ಬೇಕು, ಅಷ್ಟೇ. ಮ್ಯಾಡ್ರಿಡ್‌ನಿಂದ ಬಂದರೆ ಅಲ್ಲಿ ಇರುವವರೆಲ್ಲ ಕೀಳು ಜನ ಅಂತ ಬೈದ ಹಾಗೆ. ಮೊದಲನೆಯದನ್ನು, ಬಾಡಿಗೆಗಿದ್ದವರು ಮನೆಯ ಬಗ್ಗೆ ಬರೆಯುವ ವಿಮರ್ಶೆಯಲ್ಲಿದ್ದರೆ, ಹಾಗೇ ಬಿಡಬಹುದು. ಎರಡನೆಯದನ್ನು ಬಿಡಬಾರದು.

ನಾನು ಜಾಸ್ತಿ ಹೊತ್ತು ಮಾತಾಡುವುದು 'ಸಾಪೊ' ಬಗ್ಗೆ. ಪದಕ್ಕೆ ಅರ್ಥ ಕಪ್ಪೆ. ಚಿಲಿಯಲ್ಲಿ ಇಣುಕಿ ನೋಡುವವನು ಸಾಪೊ. ಕೊಲಂಬಿಯಾದಲ್ಲಿ ಚಾಡಿ ಹೇಳುವವನು, ಮಾಹಿತಿ ಕೊಡುವವನು. ಶಾಲೆ ಮಕ್ಕಳೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಆದರೆ ಅಲ್ಲಿ ದಶಕಗಳ ಕಾಲ ನಡೆದ ಸಶಸ್ತ್ರ ಸಂಘರ್ಷದಲ್ಲಿ, ಎದುರು ಗುಂಪಿಗೆ ಸುದ್ದಿ ಕೊಟ್ಟ ಅನುಮಾನದ ಮೇಲೆ ಸಾಪೊ ಅನ್ನಿಸಿಕೊಂಡವರು ಕೊಲೆಯಾಗಿದ್ದಾರೆ. ಆ ಭಯ ಪದಕ್ಕೆ ಅಂಟಿಕೊಂಡಿದೆ.

ಕೊಲಂಬಿಯಾದ ಮೆದೆಯಿನ್ ನಗರದಿಂದ ಒಂದು ದೂರು ಬಂದಿತ್ತು. ಮುಕ್ಕಾಲು ಭಾಗ ಬಿಸಿನೀರು ಬರುತ್ತಿಲ್ಲ ಅಂತ. ಕೊನೆಗೆ ಎರಡು ಸಾಲು: ಮೇಲಿನ ಮನೆಯ ಗಲಾಟೆಗೆ ಪೊಲೀಸರನ್ನು ಕರೆದೆವು, ಬೆಳಿಗ್ಗೆ ನಮ್ಮ ಬಾಗಿಲ ಮೇಲೆ ಸಾಪೊ ಅಂತ ಬರೆದಿದ್ದರು. ನಮ್ಮ ಯಂತ್ರಾನುವಾದದಲ್ಲಿ 'ಬಾಗಿಲ ಮೇಲೆ ಕಪ್ಪೆ' ಅಂತ ಬಂದಿತ್ತು. ಓದಿದವರಿಗೆ ಮಕ್ಕಳ ತುಂಟಾಟ ಅನ್ನಿಸಬೇಕು. ನಮ್ಮ ಹುಡುಗಿಯೊಬ್ಬಳು ಮೂಲ ತೆರೆದು ನೋಡಿ ತಕ್ಷಣ ಸುರಕ್ಷತಾ ವಿಭಾಗಕ್ಕೆ ಕಳಿಸಿದಳು. ದೂರು ಬರೆದವರನ್ನು ಅವತ್ತೇ ಬೇರೆ ಮನೆಗೆ ಕಳಿಸಲಾಯಿತು. ಬಿಸಿನೀರಿನ ದೂರು ಆಮೇಲೆ ನೋಡಿಕೊಂಡೆವು.

ಈಗ ನಮ್ಮ ಟಿಪ್ಪಣಿಯಲ್ಲಿ ಮೂಲ ಪದವನ್ನು ಹಾಗೇ ಬರೆಯುತ್ತೇವೆ. ಪಕ್ಕದಲ್ಲಿ ಊರು. ಅದರ ಕೆಳಗೆ, ಯಾರು ಯಾರಿಗೆ ಹೇಳಿದ್ದು, ಬೆನ್ನ ಹಿಂದೆಯೋ ಮುಖಕ್ಕೋ, ಅದಕ್ಕೆ ಮೊದಲು ಪೊಲೀಸರಿಗೋ ಮಾಲೀಕರಿಗೋ ಯಾರಾದರೂ ದೂರು ಕೊಟ್ಟಿದ್ದರೋ. 'ಸಾಪೊ' ಕೊಲಂಬಿಯಾದಿಂದ ಬಂದು, ದೂರು ಕೊಟ್ಟ ಮೇಲೆ ಮುಖಕ್ಕೇ ಹೇಳಿದ್ದಾದರೆ, ಶಿಫ್ಟ್ ಮುಗಿಯುವವರೆಗೂ ಕಾಯಬೇಡಿ. ಫೋನ್ ಮಾಡಿ.