ಶನಿವಾರ ರಾತ್ರಿ ಹನ್ನೊಂದೂವರೆಗೆ ವಾಪಸ್

ಜಿಎಸ್‌ಟಿ ದರ ಬದಲಾದದ್ದು 2025ರ ಸೆಪ್ಟೆಂಬರ್ 22ಕ್ಕೆ, ಸೋಮವಾರ. ಔಷಧಿಗಳಲ್ಲಿ ಹೆಚ್ಚಿನವು ಶೇ. 12ರಿಂದ 5ಕ್ಕೆ ಇಳಿದವು. ಜೀವ ಉಳಿಸುವ 33 ಔಷಧಿಗಳಿಗಂತೂ ತೆರಿಗೆಯೇ ಇಲ್ಲ ಎಂದಾಯಿತು. ಮಾತ್ರೆ ಕೊಳ್ಳುವವರಿಗೆ ಒಳ್ಳೆಯ ಸುದ್ದಿ. ಔಷಧಿ ಹೋಲ್‌ಸೇಲ್ ಅಂಗಡಿಗಳ ಬಿಲ್ಲಿಂಗ್ ಸರ್ವರ್ ನೋಡಿಕೊಳ್ಳುವ ನಮ್ಮಂಥವರಿಗೆ ಮಾತ್ರ ಆ ವಾರ ನೆಟ್ಟಗೆ ನಿದ್ದೆ ಇರಲಿಲ್ಲ.

ನಮ್ಮ ಗಿರಾಕಿಗಳಲ್ಲಿ ದಾವಣಗೆರೆಯ ಒಬ್ಬ ಔಷಧಿ ವಿತರಕರಿದ್ದಾರೆ. ಸುತ್ತಲಿನ ಊರುಗಳ ಮೆಡಿಕಲ್ ಶಾಪ್‌ಗಳಿಗೆಲ್ಲ ಅವರ ವ್ಯಾನೇ ಹೋಗುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರು, ಅದರ ಡೇಟಾಬೇಸು ಎರಡೂ ಒಂದೇ ವಿಂಡೋಸ್ ಸರ್ವರ್‌ನಲ್ಲಿವೆ. ಆ ಸರ್ವರ್ ಇರುವುದು ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ 'ಸೆಂಟ್ರಲ್ ಇಂಡಿಯಾ' ರೀಜನ್‌ನಲ್ಲಿ, ಅಂದರೆ ಪುಣೆಯಲ್ಲಿ. ಅಂಗಡಿ ದಾವಣಗೆರೆಯಲ್ಲಿ, ನಾನು ಬೆಂಗಳೂರಿನಲ್ಲಿ. ದಿನಾ ರಾತ್ರಿ ಹನ್ನೊಂದೂವರೆಗೆ ಇಡೀ ಮೆಷಿನ್ನಿನ ಬ್ಯಾಕಪ್ ತಾನಾಗಿ ಆಗುತ್ತದೆ.

ಹಿಂದಿನ ದಿನ ಭಾನುವಾರ ಮಹಾಲಯ ಅಮಾವಾಸ್ಯೆ. ಅಂಗಡಿಗೆ ರಜೆ. ಅದಕ್ಕೇ ಸಾಫ್ಟ್‌ವೇರ್ ಕಂಪನಿಯವರು ಹೊಸ ದರದ ಅಪ್‌ಡೇಟ್ ಹಾಕಲು ಭಾನುವಾರ ರಾತ್ರಿಯನ್ನೇ ಹಿಡಿದಿದ್ದರು. ಒಂಬತ್ತಕ್ಕೆ ಶುರು ಮಾಡಿ ಹತ್ತೂವರೆ ಹೊತ್ತಿಗೆ "ಆಯ್ತು ಸರ್, ಟೆಸ್ಟ್ ಬಿಲ್ ಸರಿ ಬಂತು" ಎಂದು ಮೆಸೇಜ್ ಹಾಕಿದರು.

ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಲ್ಲಿನ ಅಕೌಂಟೆಂಟ್ ಮೇಡಂ ಫೋನ್ ಮಾಡಿದರು. ಇಪ್ಪತ್ತು ವರ್ಷದಿಂದ ಅದೇ ಅಂಗಡಿಯ ಲೆಕ್ಕ ನೋಡುತ್ತಿರುವವರು. ಗಾಬರಿ ಎನ್ನುವುದು ಅವರ ದನಿಯಲ್ಲಿ ಯಾವತ್ತೂ ಇರುವುದಿಲ್ಲ.

"ನೋಡ್ರಿ, ತೆರಿಗೆ ಐದು ಪರ್ಸೆಂಟ್ ಸರಿ ಬರ್ತಿದೆ. ಎಂಆರ್‌ಪಿನೂ ಹೊಸ ಲಿಸ್ಟ್ ಪ್ರಕಾರ ಇದೆ. ಆದ್ರೆ ಒಂದೇ ಮಾತ್ರೆಯ ನಾಲ್ಕು ಬ್ಯಾಚಿಗೂ ಒಂದೇ ಎಕ್ಸ್‌ಪೈರಿ ತೋರಿಸ್ತಿದೆ. ಅದು ಹೆಂಗೆ?"

ನಾನು ಸರ್ವರ್‌ಗೆ ಹೋಗಿ ನೋಡಿದೆ. ಹೌದು. ಒಂದು ಬಿಪಿ ಮಾತ್ರೆಗೆ ನಾಲ್ಕು ಬ್ಯಾಚ್ ಇತ್ತು, ನಾಲ್ಕರ ಮುಂದೂ 2027ರ ಮಾರ್ಚ್. ಅವರು ಗೋಡೌನ್ ಹುಡುಗನ ಕೈಲಿ ಪೆಟ್ಟಿಗೆ ತರಿಸಿ ನೋಡಿದ್ದರು. ಒಂದರ ಮೇಲೆ 2025ರ ನವೆಂಬರ್ ಎಂದು ಅಚ್ಚಾಗಿತ್ತು. ಅಪ್‌ಡೇಟ್ ಮಾಡುವಾಗ ಡೇಟಾಬೇಸಿನಲ್ಲಿ ಬ್ಯಾಚ್‌ಗಳ ವಿವರ ಇರುವ ಟೇಬಲ್ಲನ್ನು ಹೊಸದಾಗಿ ಕಟ್ಟಿದ್ದರು. ಬ್ಯಾಚ್ ನಂಬರ್ ನೋಡಿ ಜೋಡಿಸುವ ಬದಲು ಐಟಂ ಕೋಡ್ ಒಂದನ್ನೇ ನೋಡಿ ಜೋಡಿಸಿದ್ದರು. ಮೊದಲ ಬ್ಯಾಚಿನ ತಾರೀಕು ಎಲ್ಲಕ್ಕೂ ಬಂದು ಕೂತಿತ್ತು. ಹಳೆಯ ಟೇಬಲ್ ಅಳಿಸಿಯಾಗಿತ್ತು. ಅಕ್ಕಿ ಬೇಳೆ ಅಂಗಡಿಯಾಗಿದ್ದರೆ ಸಂಜೆ ನೋಡೋಣ ಎನ್ನಬಹುದಿತ್ತು. ಔಷಧಿ ಬಿಲ್ಲಿನ ಮೇಲೆ ತಪ್ಪು ಎಕ್ಸ್‌ಪೈರಿ ಹೋದರೆ ಕಥೆ ಬೇರೆ.

ಸಾಹುಕಾರ್ರು ಫೋನ್ ಇಸಿದುಕೊಂಡರು. "ಬ್ಯಾಕಪ್ ಐತಲ್ರೀ? ನಿನ್ನೇದು ಹಾಕ್ಬಿಡ್ರಿ."

ಎಲ್ಲರೂ ಹೀಗೇ ಹೇಳುವುದು. ಅಜೂರ್ ಪೋರ್ಟಲ್ ತೆರೆದರೂ ಹಾಗೇ ಅನಿಸುತ್ತದೆ. ಬ್ಯಾಕಪ್‌ಗಳನ್ನು ಕೂಡಿಡುವ 'ವಾಲ್ಟ್'ನಲ್ಲಿ ನಮ್ಮ ಮೆಷಿನ್ ಆರಿಸಿ 'ರೀಸ್ಟೋರ್ ವಿಎಂ' ಒತ್ತಿದರೆ ಬ್ಯಾಕಪ್‌ಗಳ ಪಟ್ಟಿ ಬರುತ್ತದೆ. ಎಲ್ಲಕ್ಕಿಂತ ಮೇಲೆ ಭಾನುವಾರ ರಾತ್ರಿ 11.30ರದ್ದು. ಪಕ್ಕದಲ್ಲಿ 'ಅಪ್ಲಿಕೇಶನ್ ಕನ್ಸಿಸ್ಟೆಂಟ್' ಎಂಬ ಬಿರುದು ಬೇರೆ. ನೋಡಿದರೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎನ್ನಬೇಕು. ಆದರೆ ಅಪ್‌ಡೇಟ್ ಮುಗಿದದ್ದು ಹತ್ತೂವರೆಗೆ. ಅಂದರೆ ಕೆಟ್ಟ ಟೇಬಲ್ಲೇ ಅಚ್ಚುಕಟ್ಟಾಗಿ ಬ್ಯಾಕಪ್ ಆಗಿದೆ. ಆ ಬಿರುದು ಹೇಳುವುದು ಇಷ್ಟೇ: ಬ್ಯಾಕಪ್ ಹೊತ್ತಿನಲ್ಲಿ ಡೇಟಾಬೇಸ್ ತನ್ನ ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಸರಿಯಾಗಿ ಬರೆದುಕೊಂಡಿತ್ತು, ಅರ್ಧಂಬರ್ಧ ಇಲ್ಲ. ಬರೆದದ್ದು ಸರಿಯೋ ತಪ್ಪೋ ಅದಕ್ಕೇನು ಗೊತ್ತು?

ಹಾಗಾಗಿ ನಮಗೆ ಬೇಕಾದದ್ದು ಅದರ ಕೆಳಗಿನ ಸಾಲು, ಶನಿವಾರ ರಾತ್ರಿಯದು. ಅಲ್ಲಿ ಇನ್ನೊಂದು ಪ್ರಶ್ನೆ ಹುಟ್ಟಿತು. ಶನಿವಾರ ರಾತ್ರಿಗೆ ಹೋದರೆ ಆಮೇಲೆ ಆದದ್ದೆಲ್ಲ ಏನಾಗಬೇಕು?

ಮೊದಲನೆಯದು, ಸೋಮವಾರ ಬೆಳಗಿನ ಬಿಲ್ಲುಗಳು. ಆಗಲೇ ಹತ್ತಿಪ್ಪತ್ತು ಬಿಲ್ ಆಗಿ ಹೋಗಿದ್ದವು. ವ್ಯಾನ್ ಒಂದು ಸುತ್ತು ಹೊರಟಾಗಿತ್ತು. ಅದಕ್ಕಿಂತ ದೊಡ್ಡ ತೊಡಕು ಇ-ಇನ್‌ವಾಯ್ಸ್. ವರ್ಷದ ವಹಿವಾಟು 5 ಕೋಟಿ ದಾಟಿದವರು 2023ರ ಆಗಸ್ಟ್ 1ರಿಂದ ಅಂಗಡಿಯಿಂದ ಅಂಗಡಿಗೆ ಹೋಗುವ ಪ್ರತಿ ಬಿಲ್ಲನ್ನೂ ಸರ್ಕಾರದ ಪೋರ್ಟಲ್‌ಗೆ ಕಳಿಸಿ ಐಆರ್‌ಎನ್ ಎಂಬ ನಂಬರ್ ಪಡೆಯಬೇಕು. ಜಿಎಸ್‌ಟಿ ನಂಬರು, ಆರ್ಥಿಕ ವರ್ಷ, ಬಿಲ್ಲೋ ಕ್ರೆಡಿಟ್ ನೋಟೋ ಎಂಬುದು, ಬಿಲ್ ನಂಬರು, ಇಷ್ಟನ್ನು ಸೇರಿಸಿ ಆ ಐಆರ್‌ಎನ್ ತಯಾರಾಗುತ್ತದೆ. ನಾವು ಸರ್ವರನ್ನು ಶನಿವಾರಕ್ಕೆ ಒಯ್ದರೆ ಸಾಫ್ಟ್‌ವೇರ್ ಶನಿವಾರದ ಕೊನೆಯ ಬಿಲ್ಲಿನ ಮುಂದಿನ ನಂಬರನ್ನೇ ಮತ್ತೆ ಕೊಡುತ್ತದೆ. ಸರ್ಕಾರದ ಪೋರ್ಟಲ್ "ಈ ನಂಬರ್ ಆಗಲೇ ಇದೆ" ಎಂದು ವಾಪಸ್ ಕಳಿಸುತ್ತದೆ. ಇ-ಇನ್‌ವಾಯ್ಸನ್ನು 24 ಗಂಟೆಯೊಳಗೆ ರದ್ದು ಮಾಡಬಹುದು, ನಿಜ. ಆದರೆ ರದ್ದಾದ ಬಿಲ್ ನಂಬರನ್ನು ಮತ್ತೆ ಬಳಸುವ ಹಾಗಿಲ್ಲ. ನಮ್ಮ ಸರ್ವರ್ ಎಷ್ಟು ಬೇಕಾದರೂ ಹಿಂದಕ್ಕೆ ಹೋಗಲಿ, ಸರ್ಕಾರದ ಪೋರ್ಟಲ್ಲೂ ಹೊರಟುಹೋದ ವ್ಯಾನೂ ಜೊತೆಗೆ ಬರುವುದಿಲ್ಲ.

ಎರಡನೆಯದು ಇನ್ನೂ ತಮಾಷೆ. ಶನಿವಾರದ ಸರ್ವರ್‌ನಲ್ಲಿ ತೆರಿಗೆ ಶೇ. 12. ಅದನ್ನೇ ಹಾಕಿ ಕೂತರೆ ಹೊಸ ದರದ ಮೊದಲ ದಿನವೇ ಹಳೆಯ ದರದಲ್ಲಿ ಬಿಲ್ ಹರಿದ ಪುಣ್ಯಾತ್ಮರು ಎನಿಸಿಕೊಳ್ಳುತ್ತಿದ್ದೆವು.

"ಭಾನುವಾರ ಏನಾದ್ರೂ ಬಿಲ್ ಮಾಡಿದ್ರಾ ಸರ್?" ಎಂದು ಕೇಳಿದೆ.

"ಬಾಗ್ಲೇ ತೆಗ್ದಿಲ್ರೀ. ಅಮಾಸಿ ಅಲ್ವಾ?"

ಹಿಂದಿನಿಂದ ಮೇಡಂ ದನಿ ಬಂತು. "ಇಲ್ಲ ಸರ್, ನಿಮ್ಮ ಅಣ್ಣನ ಮಗ ಮಧ್ಯಾಹ್ನ ಬಂದು ನರ್ಸಿಂಗ್ ಹೋಮಿಗೆ ಇಂಜೆಕ್ಷನ್ ಕೊಟ್ಟು ಹೋಗಿದ್ದಾನೆ. ಬಿಲ್ ಇದೆ."

ಸಾಹುಕಾರ್ರ ಮಾತು ನಂಬಿ 'ಭಾನುವಾರ ಖಾಲಿ' ಎಂದುಕೊಂಡಿದ್ದರೆ ಆ ಬಿಲ್ಲು ಗಾಳಿಗೆ ಹೋಗುತ್ತಿತ್ತು. ಈ ಕೆಲಸದಲ್ಲಿ ಪೋರ್ಟಲ್ ನೋಡುವುದಕ್ಕಿಂತ ಜಾಸ್ತಿ ಹೊತ್ತು ಫೋನಿನಲ್ಲಿ ಇರಬೇಕಾಗುತ್ತದೆ. ಅದೂ ಮಾಲೀಕರ ಜೊತೆ ಅಲ್ಲ, ಬಿಲ್ ಹಾಕುವವರ ಜೊತೆ.

ಅಜೂರ್‌ನಲ್ಲಿ ರೀಸ್ಟೋರ್ ಮಾಡಲು ದಾರಿ ಹಲವು. 'ರಿಪ್ಲೇಸ್ ಎಕ್ಸಿಸ್ಟಿಂಗ್' ಎಂದರೆ ಈಗಿನ ಮೆಷಿನ್ನಿನ ಡಿಸ್ಕ್ ತೆಗೆದು ಹಳೆಯದನ್ನು ಕೂರಿಸುವುದು. ಅದು ಮೊದಲು ಈಗಿನ ಸ್ಥಿತಿಯ ಪ್ರತಿ ತೆಗೆದಿಟ್ಟುಕೊಳ್ಳುತ್ತದೆ, ಬಿಚ್ಚಿದ ಡಿಸ್ಕನ್ನೂ ಅಳಿಸುವುದಿಲ್ಲ. ಹಾಗಿದ್ದರೂ ಮೆಷಿನ್ ಬೂಟೇ ಆಗುತ್ತಿಲ್ಲ ಅನ್ನುವಂಥ ಸಂದರ್ಭ ಬಿಟ್ಟರೆ ನಾನು ಅದರ ಹತ್ತಿರ ಹೋಗುವುದಿಲ್ಲ. 'ಕ್ರಿಯೇಟ್ ನ್ಯೂ' ಮಾಡಿ ಪಕ್ಕದಲ್ಲಿ ಇನ್ನೊಂದು ಮೆಷಿನ್ ಎಬ್ಬಿಸಬಹುದು. ಆದರೆ ಅದು ಎದ್ದ ಕೂಡಲೇ ತಾನೇ ಅಸಲಿ ಸರ್ವರ್ ಅಂದುಕೊಳ್ಳುತ್ತದೆ. ಈ ಅಂಗಡಿಯ ಸರ್ವರ್ ಬಾಕಿ ಇರುವ ಮೆಡಿಕಲ್ ಶಾಪ್‌ಗಳಿಗೆ ಹೊತ್ತು ಹೊತ್ತಿಗೆ ಎಸ್‌ಎಂಎಸ್ ಕಳಿಸುತ್ತದೆ. ಶನಿವಾರದ ಬಾಕಿ ಲೆಕ್ಕ ಹಿಡಿದು ಇನ್ನೊಂದು ಸರ್ವರ್ ಕೂಡ ಎಸ್‌ಎಂಎಸ್ ಹೊಡೆದರೆ ಬೈಸಿಕೊಳ್ಳುವವರು ಯಾರು? ಹಾಗೆ ಮಾಡಲೇಬೇಕಾದರೆ ಇಂಟರ್ನೆಟ್ ಇಲ್ಲದ ಬೇರೆ ನೆಟ್‌ವರ್ಕಿನಲ್ಲಿ ಎಬ್ಬಿಸಬೇಕು.

ನಮಗೆ ಬೇಕಿದ್ದದ್ದು ಒಂದು ಟೇಬಲ್ಲಿನ ಒಂದು ಕಾಲಂ. ಅದಕ್ಕೆ ಇಡೀ ಮೆಷಿನ್ ಯಾಕೆ? 'ರೀಸ್ಟೋರ್ ಡಿಸ್ಕ್ಸ್' ಆರಿಸಿದೆ.

ಅದಕ್ಕೂ ಮುಂಚೆ ಎಲ್ಲರನ್ನೂ ಸಾಫ್ಟ್‌ವೇರ್‌ನಿಂದ ಹೊರಗೆ ಬರಲು ಹೇಳಿ, ಕೆಟ್ಟಿರುವ ಡೇಟಾಬೇಸಿನದೇ ಒಂದು ಫುಲ್ ಬ್ಯಾಕಪ್ ತೆಗೆದಿಟ್ಟೆ. ಕೆಟ್ಟದ್ದಕ್ಕೆ ಯಾಕೆ ಬ್ಯಾಕಪ್ ಎಂದು ಸಾಫ್ಟ್‌ವೇರ್ ಕಂಪನಿಯ ಹುಡುಗ ಕೇಳಿದ. ಬೆಳಗಿನ ಬಿಲ್ಲುಗಳು ಇರುವುದು ಅದರಲ್ಲೇ ಕಣಪ್ಪ.

ಅಜೂರ್ ಪೋರ್ಟಲ್‌ನಲ್ಲಿ 'ಸ್ಟೇಜಿಂಗ್ ಲೊಕೇಶನ್' ಎಂದು ಒಂದು ಸ್ಟೋರೇಜ್ ಅಕೌಂಟ್, ಅಂದರೆ ಫೈಲ್ ಇಡುವ ಜಾಗ ಕೇಳುತ್ತದೆ. ಅದು ವಾಲ್ಟ್ ಇರುವ ರೀಜನ್‌ನಲ್ಲೇ ಇರಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಅವಸರದಲ್ಲಿ ಇರುವವರು ತಲೆ ಕೆರೆದುಕೊಳ್ಳುತ್ತಾರೆ. ಗಿರಾಕಿಗೆ ಬ್ಯಾಕಪ್ ಹಾಕಿದ ದಿನವೇ ನಾವು ಒಂದು ಖಾಲಿ ಅಕೌಂಟ್ ಮಾಡಿ ಇಟ್ಟಿರುತ್ತೇವೆ. ಇನ್ನೊಂದು ಅನುಕೂಲವೂ ಇತ್ತು. ಹೊಸ ಬ್ಯಾಕಪ್‌ನ ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಡಿಸ್ಕಿನ ಪ್ರತಿ, ಕೆಲವು ದಿನ ಮೆಷಿನ್ನಿನ ಹತ್ತಿರವೇ ಇರುತ್ತದೆ. ನಾವಾಗಿ ಬದಲಿಸದಿದ್ದರೆ ಎರಡು ದಿನ. ಶನಿವಾರ ರಾತ್ರಿಯದು ಇನ್ನೂ ಆ ಲೆಕ್ಕದೊಳಗೆ ಇತ್ತು. ಹಾಗಾಗಿ ವಾಲ್ಟ್‌ನಿಂದ ಡೇಟಾ ಎಳೆದು ತರುವ ಕಾಯುವಿಕೆ ತಪ್ಪಿತು. ಟೀ ಮುಗಿಯುವಷ್ಟರಲ್ಲಿ ಡಿಸ್ಕ್ ಬಂತು.

ಡೇಟಾ ಡಿಸ್ಕನ್ನು ಮಾತ್ರ ಓಡುತ್ತಿರುವ ಸರ್ವರ್‌ಗೆ ಜೋಡಿಸಿದೆ. ವಿಂಡೋಸ್ ಅದನ್ನು 'ಆಫ್‌ಲೈನ್' ಎಂದು ತೋರಿಸಿತು. ಕೆಟ್ಟಿದೆ ಎಂದಲ್ಲ. ಅಸಲು ಡಿಸ್ಕಿಗೂ ಅದರ ನಕಲಿಗೂ ಗುರುತು ಒಂದೇ ಇರುವುದರಿಂದ ಎರಡನೆಯದನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. 'ಆನ್‌ಲೈನ್' ಮಾಡಿದರೆ ಹೊಸ ಗುರುತು ಬರೆದುಕೊಂಡು ಒಳಗೆ ಬಿಡುತ್ತದೆ. ಡ್ರೈವ್ ತೆರೆದು ಡೇಟಾ ಫೈಲು, ಆದ ಬದಲಾವಣೆಗಳನ್ನೆಲ್ಲ ಸಾಲಾಗಿ ಬರೆದಿಡುವ ಲಾಗ್ ಫೈಲು, ಎರಡನ್ನೂ ಕಾಪಿ ಮಾಡಿದೆ. ಡೇಟಾಬೇಸ್ ಓಡುತ್ತಿದ್ದಾಗ ತೆಗೆದ ಬ್ಯಾಕಪ್ ಅಲ್ವಾ, ಲಾಗ್ ಇಲ್ಲದೆ ಡೇಟಾ ಫೈಲ್ ಒಂದನ್ನೇ ಎಬ್ಬಿಸಲು ಹೋದರೆ ಡೇಟಾಬೇಸ್ ನಡೆಸುವ ಸಾಫ್ಟ್‌ವೇರ್ ಎಸ್‌ಕ್ಯುಎಲ್ ಸರ್ವರ್ ತಕರಾರು ತೆಗೆಯುತ್ತದೆ. ಬೇರೆ ಹೆಸರು ಕೊಟ್ಟು ಅಟ್ಯಾಚ್ ಮಾಡಿದೆ. ಈಗ ಒಂದೇ ಸರ್ವರ್‌ನಲ್ಲಿ ಶನಿವಾರವೂ ಸೋಮವಾರವೂ ಅಕ್ಕಪಕ್ಕ ಕೂತಿದ್ದವು.

ಮುಂದಿನದು ಸಾಫ್ಟ್‌ವೇರ್ ಹುಡುಗನ ಕೆಲಸ. ಐಟಂ ಕೋಡ್ ಮತ್ತು ಬ್ಯಾಚ್ ನಂಬರ್ ಎರಡೂ ತಾಳೆಯಾದ ಕಡೆ ಶನಿವಾರದ ಎಕ್ಸ್‌ಪೈರಿ ತಂದು ಸೋಮವಾರದ ಟೇಬಲ್ಲಿಗೆ ಹಾಕಬೇಕು. ಸ್ಟಾಕ್, ಎಂಆರ್‌ಪಿ, ತೆರಿಗೆ ಯಾವುದನ್ನೂ ಮುಟ್ಟಬಾರದು. ಅವನು ಬರೆದ ಕ್ವೆರಿಯನ್ನು, ಅಂದರೆ ಡೇಟಾಬೇಸಿಗೆ ಕೊಡುವ ಆದೇಶವನ್ನು, ಮೇಡಂಗೆ ಓದಿ ಹೇಳಿದೆವು. ಕ್ವೆರಿ ಅವರಿಗೆ ಅರ್ಥವಾಗದಿರಬಹುದು. ಪ್ರಶ್ನೆ ಮಾತ್ರ ಸರಿಯಾದದ್ದನ್ನೇ ಕೇಳಿದರು.

"ಇವತ್ತು ಬೆಳಿಗ್ಗೆ ಬಂದ ಮಾಲು? ಅದು ಶನಿವಾರದ ಲೆಕ್ಕದಾಗೆ ಇರಲ್ವಲ್ಲ."

ಇರಲಿಲ್ಲ. ಬೆಳಿಗ್ಗೆ ಒಳಗೆ ಬಂದ ಕೆಲವು ಬ್ಯಾಚ್‌ಗಳು ತಾಳೆಯಾಗದೆ ಉಳಿದವು. ಅವನ್ನು ಪಟ್ಟಿ ತೆಗೆದು ಕಳಿಸಿದೆ. ಗೋಡೌನ್ ಹುಡುಗ ಪೆಟ್ಟಿಗೆ ಮೇಲಿನ ತಾರೀಕು ಕೂಗಿ ಹೇಳಿದ, ಮೇಡಂ ಒಂದೊಂದಾಗಿ ಟೈಪ್ ಮಾಡಿದರು. ಆಮೇಲೆ ಕಪಾಟಿನಿಂದ ಕೈಗೆ ಸಿಕ್ಕ ಮಾತ್ರೆ ಸ್ಟ್ರಿಪ್‌ಗಳನ್ನು ತೆಗೆದು ಸ್ಕ್ರೀನಿನ ಜೊತೆ ಹೋಲಿಸಿದರು. ಬಿಪಿ ಮಾತ್ರೆಯ ಬ್ಯಾಚಿಗೆ 2025ರ ನವೆಂಬರ್ ಬಂದಿತ್ತು. "ಈಗ ಸರಿ ಐತಿ" ಎಂದರು. ಮೂರೂವರೆಗೆ ಬಿಲ್ಲಿಂಗ್ ಶುರುವಾಯಿತು.

ಬೆಳಗಿನ ಬಿಲ್ಲುಗಳಲ್ಲಿ ಮೊತ್ತ, ತೆರಿಗೆ, ನಂಬರ್ ಸರಿ ಇದ್ದವು, ಹಾಗಾಗಿ ಇ-ಇನ್‌ವಾಯ್ಸ್ ರದ್ದು ಮಾಡುವ ಪ್ರಮೇಯ ಬರಲಿಲ್ಲ. ಎಕ್ಸ್‌ಪೈರಿ ತಿದ್ದಿದ ಪ್ರತಿಗಳನ್ನು ಸಂಜೆ ವ್ಯಾನಿನಲ್ಲಿ ಕಳಿಸಿದರು. ಅಂಗಡಿಗಳಿಗೆ ಫೋನ್ ಮಾಡಿ ಹೇಳುವ ಕೆಲಸವನ್ನು ಸಾಹುಕಾರ್ರೇ ಮಾಡಿದರು.

ಮರುವಾರ ಎರಡು ಬದಲಾವಣೆ ಮಾಡಿದೆವು. ಯಾರೇ ಅಪ್‌ಡೇಟ್ ಹಾಕಲಿ, ಮೊದಲು ನಮಗೆ ಹೇಳಬೇಕು. 'ಬ್ಯಾಕಪ್ ನೌ' ಒತ್ತಿ, ಅದು ಮುಗಿದ ಮೇಲೆ ನಾವು ಹೂಂ ಅಂದರೆ ಮಾತ್ರ ಶುರು. ಇನ್ನೊಂದು, ಡೇಟಾಬೇಸಿಗೇ ಬೇರೆ ಬ್ಯಾಕಪ್. ಅಜೂರ್‌ನಲ್ಲಿ ಲಾಗನ್ನು 15 ನಿಮಿಷಕ್ಕೊಮ್ಮೆ ತೆಗೆಯಬಹುದು. ಆಗ ರಾತ್ರಿ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಹೇಗಿತ್ತೋ ಹಾಗೆ ವಾಪಸ್ ತರಬಹುದು. ಸಾಹುಕಾರ್ರು ತಿಂಗಳಿಗೆ ಎಷ್ಟಾಗುತ್ತದೆ ಎಂದು ಕೇಳಿ, ಚೌಕಾಸಿ ಮಾಡಿ, ಅರ್ಧ ಗಂಟೆಗೊಮ್ಮೆ ಸಾಕು ಎಂದು ಒಪ್ಪಿದರು.

ಶನಿವಾರದ ಡಿಸ್ಕನ್ನು ಕೆಲಸ ಮುಗಿದ ಮೇಲೆ ಅಳಿಸಬೇಕು. ಸುಮ್ನೆ ಬಿದ್ದಿದ್ದರೂ ಅದಕ್ಕೆ ಬಾಡಿಗೆ ಬೀಳುತ್ತದೆ. ಅಳಿಸಲೇ ಎಂದು ಕೇಳಿದ್ದಕ್ಕೆ ಮೇಡಂ ಬೇಡ ಎಂದರು. "ಈ ತಿಂಗಳ ರಿಟರ್ನ್ ಫೈಲ್ ಆಗೋವರೆಗೂ ಇರಲಿ ಬಿಡ್ರಿ. ಬಾಡಿಗೆ ವಿಷಯ ಸಾಹುಕಾರ್ರಿಗೆ ನಾನು ಹೇಳ್ತೀನಿ."