ಫ್ಲಮೀನಿಯಾ ರಸ್ತೆಯ ವ್ಯಾಲೆಂಟೈನ್

ರೋಮಿನ ಸಾಂತಾ ಮರಿಯಾ ಇನ್ ಕೊಸ್ಮೆದಿನ್ ಚರ್ಚಿನ ಹೊರಗೆ ಸಾಲು ನಿಂತವರೆಲ್ಲ ಮೊಗಸಾಲೆಯ ‘ಸತ್ಯದ ಬಾಯಿ’ ಎಂಬ ದೊಡ್ಡ ಕಲ್ಲುಮುಖದೊಳಗೆ ಕೈ ಇಟ್ಟು ಫೋಟೊ ತೆಗೆಸಿಕೊಳ್ಳಲು ಬಂದವರು. ಫೋಟೊ ಆಯಿತೆಂದರೆ ಎಷ್ಟೋ ಮಂದಿ ಒಳಗೆ ಕಣ್ಣು ಹಾಯಿಸದೆ ಹೊರಟುಬಿಡುತ್ತಾರೆ. ಒಳಗೆ ಎಡಬದಿಯ ಪುಟ್ಟ ಬಲಿಪೀಠದ ಮೇಲೆ, ಗಾಜಿನ ಪೆಟ್ಟಿಗೆಯಲ್ಲಿ, ಹೂವಿನ ಕಿರೀಟ ತೊಟ್ಟ ತಲೆಬುರುಡೆಯೊಂದಿದೆ. ಮೂಳೆ ಕಂದುಗಟ್ಟಿದೆ. ಹಣೆಯ ಮೇಲಿನ ಚೀಟಿಯಲ್ಲಿ ಸಂತ ವ್ಯಾಲೆಂಟೈನ್‌ನ ಹೆಸರಿದೆ. ಫೆಬ್ರುವರಿ 14ರ ಪ್ರೇಮಿಗಳ ದಿನದ ಮೂಲ ಹುಡುಕುವವರು ಇಲ್ಲಿಂದ ಶುರು ಮಾಡುವುದು ಒಳ್ಳೆಯದು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಸಾಲು ಚಿಕ್ಕದು. ತೋಳು, ಮಂಡಿ ಮುಚ್ಚುವ ಬಟ್ಟೆ ಇರಲಿ.

ಇದು ಯಾವ ವ್ಯಾಲೆಂಟೈನ್‌ನ ತಲೆ ಎಂಬ ಪ್ರಶ್ನೆ ಅಲ್ಲಿಯೇ ಏಳುತ್ತದೆ. ಹಳೆಯ ಗ್ರಂಥಗಳಲ್ಲಿ ಇಬ್ಬರಿದ್ದಾರೆ: ರೋಮಿನ ಪಾದ್ರಿ ಒಬ್ಬ, ರೋಮಿನ ಉತ್ತರಕ್ಕಿರುವ ತೆರ್ನಿ ಊರಿನ ಬಿಷಪ್ ಇನ್ನೊಬ್ಬ. ಇಬ್ಬರೂ 3ನೇ ಶತಮಾನದ ರಕ್ತಸಾಕ್ಷಿಗಳು, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರು. ಇಬ್ಬರ ಸಮಾಧಿಯೂ ಫ್ಲಮೀನಿಯಾ ರಸ್ತೆಯ ಮೇಲೆ, ಇಬ್ಬರ ಹಬ್ಬವೂ ಫೆಬ್ರುವರಿ 14ಕ್ಕೆ. ಒಬ್ಬನೇ ಮನುಷ್ಯನ ಕಥೆ ಎರಡು ಊರುಗಳಲ್ಲಿ ಬೆಳೆದು ಎರಡಾಗಿದೆ ಎನ್ನುವ ವಿದ್ವಾಂಸರೂ ಇದ್ದಾರೆ. ಹಾಗಾಗಿ ಈ ಪ್ರವಾಸಕ್ಕೆ ಒಂದೇ ರಸ್ತೆ ಹಿಡಿದರೆ ಸಾಕು. ಕ್ರಿ.ಪೂ. 220ರಲ್ಲಿ ಗಾಯಸ್ ಫ್ಲಮಿನಿಯಸ್ ಹಾಕಿಸಿದ ಈ ರಸ್ತೆ ರೋಮಿನಿಂದ ಉತ್ತರಕ್ಕೆ ಹೋಗುತ್ತದೆ.

ರಸ್ತೆ ಹಿಡಿಯುವ ಮುಂಚೆ ಪಲಟೈನ್ ಗುಡ್ಡದ ಬುಡಕ್ಕೊಂದು ಸುತ್ತು ಹಾಕಬಹುದು. ಚರ್ಚಿನಿಂದ ನಡೆದೇ ಹೋಗುವಷ್ಟು ದೂರ. ರೋಮ್ ಕಟ್ಟಿದ ಕಥೆಯ ಅವಳಿಗಳಾದ ರೊಮುಲಸ್ ಮತ್ತು ರೆಮಸ್‌ಗೆ ತೋಳ ಹಾಲೂಡಿಸಿದ ಲುಪರ್ಕಲ್ ಗುಹೆ ಈ ಬದಿಯಲ್ಲಿತ್ತೆಂದು ನಂಬಿಕೆ. ಪ್ರೇಮಿಗಳ ದಿನದ ಮೂಲವೆಂದು ಹಲವರು ಹೇಳುವ ಹಳೆಯ ರೋಮನ್ ಹಬ್ಬ ಲುಪರ್ಕಾಲಿಯಾ ಫೆಬ್ರುವರಿ 15ರಂದು ಇಲ್ಲಿ ನಡೆಯುತ್ತಿತ್ತು. ಮೇಕೆಗಳನ್ನೂ ಒಂದು ನಾಯಿಯನ್ನೂ ಬಲಿ ಕೊಟ್ಟು, ರಕ್ತ ಹತ್ತಿದ ಕತ್ತಿಯನ್ನು ಇಬ್ಬರು ತರುಣರ ಹಣೆಗೆ ಮುಟ್ಟಿಸಿ, ಹಾಲಿನಲ್ಲಿ ಅದ್ದಿದ ಉಣ್ಣೆಯಿಂದ ಒರೆಸುತ್ತಿದ್ದರು. ಒರೆಸಿದ ಕೂಡಲೇ ಆ ತರುಣರು ನಗಬೇಕು. ಆಮೇಲೆ ಮೇಕೆಯ ತೊಗಲಿನ ಪಟ್ಟಿ ಹಿಡಿದು ಓಡುತ್ತಾ ಎದುರಾದವರನ್ನು ಹೊಡೆಯುತ್ತಿದ್ದರು. ಆ ಏಟು ಬಿದ್ದರೆ ಬಸಿರು ನಿಲ್ಲುತ್ತದೆ, ಹೆರಿಗೆ ಸುಲಭವಾಗುತ್ತದೆ ಎಂದು ಹೆಂಗಸರು ತಾವಾಗಿಯೇ ಕೈ ಒಡ್ಡುತ್ತಿದ್ದರಂತೆ. ಇಷ್ಟನ್ನು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಹುಡುಗಿಯರ ಹೆಸರಿನ ಚೀಟಿಗಳನ್ನು ಗಡಿಗೆಯಲ್ಲಿ ಹಾಕಿ ಹುಡುಗರು ಎತ್ತುತ್ತಿದ್ದರೆಂದು ಪ್ರವಾಸಿ ಕೈಪಿಡಿಗಳು ಹೇಳುವ ಕಥೆಗೆ ಮಾತ್ರ ಪ್ರಾಚೀನ ಆಧಾರವಿಲ್ಲ. ಪೋಪ್ ಗೆಲಾಸಿಯಸ್ 5ನೇ ಶತಮಾನದ ಕೊನೆಯಲ್ಲಿ ಈ ಹಬ್ಬವನ್ನು ಖಂಡಿಸಿ ಪತ್ರ ಬರೆದದ್ದು ನಿಜ. ಅದರ ಜಾಗಕ್ಕೆ ಪ್ರೇಮದ ಹಬ್ಬವನ್ನು ತಂದನೆಂಬುದು ಆ ಪತ್ರದಲ್ಲಿ ಎಲ್ಲಿಯೂ ಇಲ್ಲ. ಗೈಡ್‌ಗಳು ಇದನ್ನು ದಿನವೂ ಇತಿಹಾಸವೆಂದು ಒಪ್ಪಿಸುವುದು ಬೇಸರದ ಸಂಗತಿ.

ಫ್ಲಮೀನಿಯಾ ರಸ್ತೆ ಇಂದು ಪೋರ್ತಾ ದೆಲ್ ಪೊಪೊಲೊ ಹೆಬ್ಬಾಗಿಲಿನಿಂದ ಹೊರಡುತ್ತದೆ. ಮಧ್ಯಯುಗದಲ್ಲಿ ಈ ಬಾಗಿಲಿಗೆ ವ್ಯಾಲೆಂಟೈನ್‌ನ ಹೆಸರೇ ಇತ್ತು. ಬಾಗಿಲಾಚೆ 2ನೇ ನಂಬರಿನ ಟ್ರಾಮ್ ಹತ್ತಿ ಪಲಾತ್ಸೆತ್ತೊ ದೆಲ್ಲೊ ಸ್ಪೋರ್ಟ್ ಕ್ರೀಡಾಂಗಣದ ಹತ್ತಿರ ಇಳಿದು, ಪೂರ್ವಕ್ಕೆ ಗುಡ್ಡದ ಕಡೆ ಕೆಲವು ನಿಮಿಷ ನಡೆಯಬೇಕು. ರೋಮಿನಿಂದ ಎರಡನೇ ಮೈಲಿಯಲ್ಲಿ, 4ನೇ ಶತಮಾನದ ನಡುವೆ ಪೋಪ್ ಮೊದಲನೇ ಜೂಲಿಯಸ್ ವ್ಯಾಲೆಂಟೈನ್‌ನ ಹೆಸರಿನ ಬೆಸಿಲಿಕಾ, ಅಂದರೆ ದೊಡ್ಡ ಚರ್ಚು, ಕಟ್ಟಿಸಿದ್ದು ಇಲ್ಲಿಯೇ. ಉಳಿದಿರುವುದು ಅಡಿಪಾಯದ ಕಲ್ಲುಗಳು, ಹಿಂದೆ ಗುಡ್ಡದೊಳಗೆ ಕೊರೆದ ಭೂಗತ ಸಮಾಧಿಗಳು. ಗೇಟು ಸಾಮಾನ್ಯವಾಗಿ ಮುಚ್ಚಿರುತ್ತದೆ; ಮೊದಲೇ ಅನುಮತಿ ಪಡೆಯದೆ ಹೋದರೆ ಬೇಲಿಯ ಆಚೆಯಿಂದ ನೋಡಿ ವಾಪಸಾಗಬೇಕಷ್ಟೆ. ಆ ಬೆಸಿಲಿಕಾದಲ್ಲಿದ್ದ ವ್ಯಾಲೆಂಟೈನ್ ಸಂತನೇ ಅಲ್ಲ, ಜಾಗ ದಾನ ಕೊಟ್ಟವನ ಹೆಸರಿರಬಹುದು ಎಂಬ ವಾದವೂ ಉಂಟು.

ತೆರ್ನಿಗೆ ರೋಮಾ ತೆರ್ಮಿನಿಯಿಂದ ಅಂಕೋನಾ ಮಾರ್ಗದ ರೈಲು. ಸುಮಾರು ಒಂದು ಗಂಟೆಯ ದಾರಿ. ಈ ರೈಲುಗಳು ಕೆಲವು ಸಲ ‘1 ಎಸ್ತ್’, ‘2 ಎಸ್ತ್’ ಪ್ಲಾಟ್‌ಫಾರಂಗಳಿಂದ ಹೊರಡುತ್ತವೆ. ಅವು ಮುಖ್ಯ ಸಾಲಿನಲ್ಲಿಲ್ಲ, ತೀರ ತುದಿಯಲ್ಲಿವೆ. ಅಲ್ಲಿಗೆ ಮುಟ್ಟಲು ಹತ್ತು ನಿಮಿಷ ಬೇಕು. ಬೋರ್ಡ್ ನೋಡಿ ಓಡಿದರೂ ರೈಲು ಸಿಗದು. ಕಾಗದದ ಟಿಕೆಟ್ಟಾದರೆ ಹತ್ತುವ ಮುಂಚೆ ಪ್ಲಾಟ್‌ಫಾರಂ ಬಳಿಯ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಹಾಕಿಸದಿದ್ದರೆ ಕೈಯಲ್ಲಿ ಟಿಕೆಟ್ ಇದ್ದೂ ದಂಡ ಬೀಳುತ್ತದೆ, ಹೊರದೇಶದವರೆಂದು ವಿನಾಯಿತಿ ಸಿಗದು. ತೆರ್ನಿಯಲ್ಲೂ ವ್ಯಾಲೆಂಟೈನ್‌ನ ಬೆಸಿಲಿಕಾ ಇದೆ; ಊರಿನಿಂದ ಅಲ್ಲಿಗೆ ಎರಡು ಕಿ.ಮೀ. ಆಸುಪಾಸು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಆದ್ದರಿಂದ ಬೆಳಗಿನ ರೈಲೇ ಒಳ್ಳೆಯದು.

ತೆರ್ನಿ ನೋಡಲು ಚೆಲುವಾದ ಊರಲ್ಲ. ಉಕ್ಕಿನ ಕಾರ್ಖಾನೆಯ ಊರು, ಎರಡನೇ ಮಹಾಯುದ್ಧದ ಬಾಂಬುಗಳಿಗೆ ಹಳೆಯ ಕಟ್ಟಡಗಳು ಬಹಳ ಹೋಗಿವೆ. ಬೆಸಿಲಿಕಾವೂ 17ನೇ ಶತಮಾನದ್ದು. 1605ರಲ್ಲಿ ಆಗಿನ ಬಿಷಪ್ ಗುಡ್ಡ ಅಗೆಸಿದಾಗ ಕಲ್ಲಿನ ಪೆಟ್ಟಿಗೆಯೊಳಗೆ ಸೀಸದ ಪೆಟ್ಟಿಗೆ, ಅದರಲ್ಲಿ ತಲೆ ಬೇರೆ ಮುಂಡ ಬೇರೆಯಾದ ಅಸ್ಥಿ ಸಿಕ್ಕಿತೆಂದು ದಾಖಲೆ. ಈಗ ಅದು ಮುಖ್ಯ ಬಲಿಪೀಠದ ಕೆಳಗೆ ಗಾಜಿನ ಹಿಂದಿದೆ. ರೋಮಿನಲ್ಲಿ ತಲೆ ನೋಡಿ ಬಂದವರಿಗೆ ಇಲ್ಲಿ ಇನ್ನೊಂದು ತಲೆ. ಐರ್ಲೆಂಡಿನ ಡಬ್ಲಿನ್ನಿನ ವೈಟ್‌ಫ್ರೈಯರ್ ಬೀದಿಯ ಚರ್ಚಿನಲ್ಲೂ 1836ರಲ್ಲಿ ರೋಮಿನಿಂದ ಬಂದ ಅವಶೇಷವಿದೆ.

ತೆರ್ನಿಯವರು ಹೇಳುವ ಪ್ರೇಮಕಥೆಗಳು ಎರಡು. ಜಗಳವಾಡುತ್ತಿದ್ದ ಜೋಡಿಗೆ ಬಿಷಪ್ ಒಂದು ಗುಲಾಬಿ ಕೊಟ್ಟು ರಾಜಿ ಮಾಡಿಸಿದನಂತೆ. (ಬೆಂಗಳೂರಿನ ಸುತ್ತಲ ಹಸಿರುಮನೆಗಳಿಂದ ಪ್ರತಿ ಫೆಬ್ರುವರಿಗೆ ವಿಮಾನ ಹತ್ತುವ ಗುಲಾಬಿಗೂ ಈ ಕಥೆಗೂ ಅಷ್ಟು ದೂರದ ನಂಟು.) ಇನ್ನೊಂದು ಸೆರಾಪಿಯಾಳದು. ಕ್ರೈಸ್ತ ಹುಡುಗಿ, ರೋಮನ್ ಸೈನಿಕ ಸಬೀನೊ. ಹುಡುಗ ಕ್ರೈಸ್ತ ದೀಕ್ಷೆ ಪಡೆಯುವ ಹೊತ್ತಿಗೆ ಹುಡುಗಿಗೆ ಕ್ಷಯ. ಹಾಸಿಗೆಯ ಪಕ್ಕದಲ್ಲೇ ವ್ಯಾಲೆಂಟೈನ್ ಮದುವೆ ಮಾಡಿಸಿದ, ಇಬ್ಬರೂ ಒಟ್ಟಿಗೇ ಕಣ್ಣು ಮುಚ್ಚಿದರು.

ಚೆಂದದ ಕಥೆಗಳೇ. ಆದರೆ ಬಿಷಪ್‌ನ ಹಳೆಯ ಲ್ಯಾಟಿನ್ ಚರಿತ್ರೆಯಲ್ಲಿ ಇವೆರಡೂ ಇಲ್ಲ, ಅಲ್ಲಿರುವುದು ಬೇರೆಯೇ. ರೋಮಿನಲ್ಲಿ ಕ್ರಾಟನ್ ಎಂಬ ವಾಗ್ಮಿ ಗುರುವಿದ್ದ. ಅವನ ಮಗ ಕೆರೆಮೊನ್‌ಗೆ ನೆಟ್ಟಗೆ ನಿಲ್ಲಲು ಬಾರದು. ಬೆನ್ನು ಬಾಗಿ ತಲೆ ಮಂಡಿಗಳ ನಡುವೆ ಸಿಕ್ಕಿತ್ತು. ಯಾವ ವೈದ್ಯನಿಂದಲೂ ಆಗಲಿಲ್ಲ. ತೆರ್ನಿಯಿಂದ ವ್ಯಾಲೆಂಟೈನ್‌ನನ್ನು ಕರೆಸಿ, ಅರ್ಧ ಆಸ್ತಿ ಕೊಡುತ್ತೇನೆಂದ ತಂದೆ. ಆಸ್ತಿ ಬೇಡ, ನಂಬಿಕೆ ಸಾಕು ಎಂದ ಬಿಷಪ್, ಹುಡುಗನೊಂದಿಗೆ ಕೋಣೆಯೊಳಗೆ ಬಾಗಿಲು ಹಾಕಿಕೊಂಡ. ತಾನು ಪ್ರಾರ್ಥನೆಗೆ ಹಾಸಿಕೊಳ್ಳುತ್ತಿದ್ದ ಒರಟು ಬಟ್ಟೆಯ ಮೇಲೆ ಅವನನ್ನು ಮಲಗಿಸಿದ. ಹುಡುಗ ಎದ್ದು ನಿಂತ. ಕ್ರಾಟನ್‌ನ ಬಳಿ ಓದಲು ಅಥೆನ್ಸಿನಿಂದ ಬಂದಿದ್ದ ಪ್ರೊಕ್ಯುಲಸ್, ಎಫೆಬಸ್, ಅಪೊಲೊನಿಯಸ್ ಎಂಬ ಮೂವರು ಅಂದಿನಿಂದ ವ್ಯಾಲೆಂಟೈನ್‌ನ ಶಿಷ್ಯರಾದರು. ನಗರಾಧಿಕಾರಿ ಪ್ಲಾಸಿಡಸ್ ರಾತ್ರಿ ಗುಟ್ಟಾಗಿ ಬಿಷಪ್‌ನ ತಲೆ ಕಡಿಸಿದ. ಶವವನ್ನು ತೆರ್ನಿಗೆ ಸಾಗಿಸಿದವರು ಆ ಮೂವರೇ. ಅರವತ್ತಕ್ಕೂ ಹೆಚ್ಚು ರೋಮನ್ ಮೈಲಿ, ಅಂದರೆ ಸುಮಾರು 90 ಕಿ.ಮೀ., ಇದೇ ಫ್ಲಮೀನಿಯಾ ರಸ್ತೆಯಲ್ಲಿ. ಊರಾಚೆ ಜಾಗ ಕೊಂಡು ಹೂಳಿ, ಸಮಾಧಿಯ ಬಳಿಯೇ ಉಳಿದರು; ಅಲ್ಲಿಯೇ ಸಿಕ್ಕಿಬಿದ್ದು ತಲೆ ಕೊಟ್ಟರು.

ಬಲಿಪೀಠದ ಮುಂದೆ ನಿಂತಾಗ ನೆನಪಿಗೆ ಬರುವುದು ಗುಲಾಬಿಯಲ್ಲ, ಗುರುವಿನ ಶವ ಹೊತ್ತು ಪರದೇಶದ ರಸ್ತೆಯಲ್ಲಿ ನಡೆದ ಆ ಮೂವರು ವಿದ್ಯಾರ್ಥಿಗಳು. ಪ್ರೇಮಿಗಳ ಜೋಡಿಯೊಂದೂ ಇಲ್ಲದ ಈ ಕಥೆ ನನಗೆ ಸೆರಾಪಿಯಾಳ ಕಥೆಗಿಂತ ದೊಡ್ಡದು.

ಪ್ರೇಮಿಗಳು ಈ ದಿನಕ್ಕೆ ಸೇರಿದ್ದು ಬಹಳ ತಡವಾಗಿ, ಅದೂ ಇಟಲಿಯಲ್ಲಲ್ಲ. 14ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಚಾಸರ್, ಹಕ್ಕಿಗಳು ವ್ಯಾಲೆಂಟೈನ್‌ನ ದಿನ ಸಂಗಾತಿಯನ್ನು ಆರಿಸಿಕೊಳ್ಳುತ್ತವೆ ಎಂದು ಪದ್ಯ ಬರೆದ. ಅದಕ್ಕೂ ಹಿಂದೆ ಈ ದಿನಕ್ಕೆ ಪ್ರಣಯವನ್ನು ಜೋಡಿಸಿದ ಬರಹ ಸಿಕ್ಕಿಲ್ಲ. 1477ರಲ್ಲಿ ಮಾರ್ಜರಿ ಬ್ರೂಸ್ ತನ್ನ ಭಾವಿ ಗಂಡನನ್ನು ‘ವ್ಯಾಲೆಂಟೈನ್’ ಎಂದು ಕರೆದು ಬರೆಸಿದ ಕಾಗದ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 1969ರಲ್ಲಿ ಕ್ಯಾಥೊಲಿಕ್ ಚರ್ಚ್ ತನ್ನ ಸಾರ್ವತ್ರಿಕ ಪಂಚಾಂಗದಿಂದ ವ್ಯಾಲೆಂಟೈನ್‌ನ ಹಬ್ಬವನ್ನು ಕೈಬಿಟ್ಟಿತು. ಸಂತರ ಪಟ್ಟಿಯಲ್ಲಿ ಹೆಸರು ಉಳಿದಿದೆ.

ತೆರ್ನಿಯಲ್ಲಿ ಮಾತ್ರ ಆತ ಊರ ಪಾಲಕ. ಫೆಬ್ರುವರಿ 14ರ ಹತ್ತಿರದ ಭಾನುವಾರ ‘ವಚನದ ಹಬ್ಬ’ ನಡೆಯುತ್ತದೆ. ಮದುವೆ ನಿಶ್ಚಯವಾದ ಜೋಡಿಗಳು ಬಂದು ಅಸ್ಥಿಯ ಮುಂದೆ ಮಾತು ಕೊಡುತ್ತಾರೆ. ಅದನ್ನು ನೋಡಬೇಕೆಂದರೆ ಆ ಭಾನುವಾರ ಹೋಗಿ, ರೂಮು ಮೊದಲೇ ಹಿಡಿದಿಡಿ. ಬೆಸಿಲಿಕಾವನ್ನು ನಿಧಾನವಾಗಿ ನೋಡಬೇಕೆಂದರೆ ಬೇರೆ ವಾರ ಆರಿಸಿ. ಊಟಕ್ಕೆ ಮೊಟ್ಟೆಯಿಲ್ಲದೆ ಬರೀ ಹಿಟ್ಟು, ನೀರಿನಲ್ಲಿ ಮಾಡಿದ ದಪ್ಪ ಶಾವಿಗೆಯಂಥ ‘ಚಿರಿಯೊಲೆ’ ಕೇಳಿ. ಹೊತ್ತು ಉಳಿದರೆ ಊರಾಚೆ 165 ಮೀಟರ್ ಎತ್ತರದ ಮಾರ್ಮೊರೆ ಜಲಪಾತವಿದೆ, ಕ್ರಿ.ಪೂ. 271ರಲ್ಲಿ ರೋಮನ್ನರು ನದಿ ತಿರುಗಿಸಿ ಮಾಡಿದ್ದು. ಅಲ್ಲಿ ನೀರನ್ನು ಗಂಟೆ ಲೆಕ್ಕದಲ್ಲಿ ಬಿಡುತ್ತಾರೆ, ಚಳಿಗಾಲದಲ್ಲಂತೂ ಬಹಳ ಕಡಿಮೆ ಹೊತ್ತು. ವೇಳಾಪಟ್ಟಿ ನೋಡಿಯೇ ಬಸ್ಸು ಹತ್ತಿ.