ಪರಿಹಾರದ ಹಣ, ಸಾಲದ ಖಾತೆ

16 ನವೆಂಬರ್ 2025, ಭಾನುವಾರ
ಮಂಡ್ಯ

ಬ್ರೆಜಿಲ್‌ನ ಬೆಲೆಮ್‌ನಲ್ಲಿ ನಡೆಯುತ್ತಿರುವ ಹವಾಮಾನ ಸಮ್ಮೇಳನದ ಸುದ್ದಿಯನ್ನು ಚಿಕ್ಕಪ್ಪ ಇಂದು ನನ್ನಿಂದ ಗಟ್ಟಿಯಾಗಿ ಓದಿಸಿಕೊಂಡರು. ಹವಾಮಾನ ಬದಲಾವಣೆಯ ಹೊಡೆತ ತಿಂದ ಬಡ ದೇಶಗಳಿಗೆ ನೆರವಾಗಲೆಂದಿರುವ ನಷ್ಟ ಮತ್ತು ಹಾನಿ ನಿಧಿಯು ಮೊದಲ ಬಾರಿಗೆ ಅಭಿವೃದ್ಧಿಶೀಲ ದೇಶಗಳಿಂದ ಅರ್ಜಿ ಕರೆದಿದೆ, ಹಂಚಲು 25 ಕೋಟಿ ಡಾಲರ್ ಇಟ್ಟಿದೆ ಎಂಬಲ್ಲಿಗೆ ಬಂದಾಗ ತಡೆದು, ಅದನ್ನು ರೂಪಾಯಿಯಲ್ಲಿ ಹೇಳೆಂದರು. ಸುಮಾರು 2,200 ಕೋಟಿ ಎಂದೆ.

"ನಮ್ ಬರಕ್ಕೇ ಅದಕ್ಕಿಂತ ಜಾಸ್ತಿ ಬಂದಿತ್ತಲ್ಲಪ್ಪ?"

ಅದು ನಿಜ. 2023ರಲ್ಲಿ ಮುಂಗಾರು ಕೈಕೊಟ್ಟು, ಕನ್ನಂಬಾಡಿ ತುಂಬದೆ, ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ ರಾಜ್ಯ ಸರ್ಕಾರ ಕೇಳಿದ್ದು 18,171 ಕೋಟಿ ರೂಪಾಯಿ; ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು 3,454 ಕೋಟಿ. ಒಂದು ರಾಜ್ಯದ ಒಂದು ಬರಕ್ಕೇ ಏನೇನೂ ಸಾಲದೆಂದು ನಾವು ಗೊಣಗಿದ ಮೊತ್ತಕ್ಕಿಂತಲೂ ಕಡಿಮೆ ಹಣಕ್ಕೆ ಈಗ ಎಷ್ಟೋ ದೇಶಗಳು ಸಾಲುಗಟ್ಟಬೇಕಾಗಿದೆ. ಅದರಲ್ಲಿ ಕನಿಷ್ಠ ಅರ್ಧ ಪುಟ್ಟ ದ್ವೀಪರಾಷ್ಟ್ರಗಳಿಗೂ ಅತಿ ಹಿಂದುಳಿದ ದೇಶಗಳಿಗೂ ಮೀಸಲು, ಆ ಎರಡು ಗುಂಪಿನಲ್ಲಿಯೂ ನಾವಿಲ್ಲ ಎಂದು ವಿವರಿಸಿದಾಗ ಅವರು ತಕರಾರು ತೆಗೆಯಲಿಲ್ಲ. ಮುಳುಗುವವರಿಗೆ ಮೊದಲು ಕೊಡುವುದೇ ಸರಿ ಎಂದರು.

ಆ ಬರಕ್ಕೂ ಶ್ರೀಮಂತ ದೇಶಗಳ ಹೊಗೆಯೇ ಕಾರಣವೇ ಎಂದೂ ಕೇಳಿದರು. ಅದು ಪೆಸಿಫಿಕ್ ಸಾಗರ ಬಿಸಿಯೇರಿ ನಮ್ಮ ಮುಂಗಾರು ಸೊರಗುವ ಎಲ್ ನಿನೋ ವರ್ಷ, ಎಲ್ಲವನ್ನೂ ಹೊಗೆಯ ತಲೆಗೆ ಕಟ್ಟಲಾಗದು ಎಂದೆ. ಆ ದೇಶಗಳ ವಕೀಲರು ಹಿಡಿದು ಜಗ್ಗುವುದೂ ಇದೇ ಎಳೆಯನ್ನು. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಎಂಟನೆಯ ವಿಧಿಯಲ್ಲಿ ನಷ್ಟ ಮತ್ತು ಹಾನಿಗೆ ಜಾಗ ಕೊಟ್ಟವರು, ಅದರಿಂದ ಹೊಣೆಗಾರಿಕೆಯಾಗಲಿ ಪರಿಹಾರದ ಹಕ್ಕಾಗಲಿ ಹುಟ್ಟುವುದಿಲ್ಲವೆಂದು ಜೊತೆಗಿನ ನಿರ್ಣಯದಲ್ಲಿ ಬರೆಸಿಕೊಂಡೇ ಸಹಿ ಹಾಕಿದರು. ಕಡಲು ಏರಿ ಆಗುವ ನಷ್ಟಕ್ಕೆ ಶ್ರೀಮಂತ ದೇಶಗಳ ಹಣದಿಂದ ವಿಮೆ ಬೇಕೆಂದು ಪೆಸಿಫಿಕ್‌ನ ಪುಟ್ಟ ದ್ವೀಪರಾಷ್ಟ್ರ ವನುವಾಟು ಕೇಳಿದ್ದು 1991ರಲ್ಲಿ. ನಿಧಿಯೊಂದಿರಲಿ ಎಂದು ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಎಲ್ಲರೂ ಒಪ್ಪಿದ್ದು 2022ರಲ್ಲಿ.

ಚಿಕ್ಕಪ್ಪನನ್ನು ಕಾಡಿದ್ದು ಬೇರೆ ಸಂಗತಿ. "ಅದು ಸಾಲವೋ, ಸುಮ್ನೆ ಕೊಡೋದೋ?" ಎಂದರು. ಬರ ಪರಿಹಾರ ಖಾತೆಗೆ ಬಿದ್ದೊಡನೆ ಬ್ಯಾಂಕಿನವರು ಅದನ್ನು ಹಳೆಯ ಬೆಳೆಸಾಲಕ್ಕೆ ಮುರಿದುಕೊಂಡಿದ್ದನ್ನು ಅವರು ಮರೆತಿಲ್ಲ; ಆ ಮಾತು ಬಂದರೆ ಚಿಕ್ಕಮ್ಮ ಇಂದಿಗೂ ಎದ್ದು ಒಳಗೆ ಹೋಗುತ್ತಾರೆ. ಈ ನಿಧಿಯ ಮೊದಲ ಕಂತು ಅನುದಾನ, ಒಂದೊಂದು ಅರ್ಜಿಗೆ 50 ಲಕ್ಷದಿಂದ 2 ಕೋಟಿ ಡಾಲರ್‌ವರೆಗೆ, ಹಿಂದಿರುಗಿಸಬೇಕಿಲ್ಲ ಎಂದೆ. ಆದರೆ 2022ರ ಪ್ರವಾಹದಲ್ಲಿ 3,000 ಕೋಟಿ ಡಾಲರಿಗೂ ಮೀರಿ ಕಳೆದುಕೊಂಡ ಪಾಕಿಸ್ತಾನಕ್ಕೆ ಮರುವರ್ಷ ಜಿನೀವಾದಲ್ಲಿ ಸಿಕ್ಕ ಭರವಸೆಯಲ್ಲಿ ಬಹುಪಾಲು ಸಾಲವೇ ಆಗಿತ್ತೆಂಬುದನ್ನೂ ಮುಚ್ಚಿಡಲಿಲ್ಲ. ಮನೆ ಕೊಚ್ಚಿಹೋದವನಿಗೆ ಬಡ್ಡಿಯ ಹಣ ಎಣಿಸಿ ಕೊಟ್ಟು ಅದನ್ನು ನೆರವು ಎಂದು ಕರೆಯುವುದು ನನಗೆ ನಾಚಿಕೆಗೇಡಿನ ಲೆಕ್ಕವಾಗಿಯೇ ಕಾಣುತ್ತದೆ.

ಅನುದಾನವಾದರೂ ಬರುವುದು ಆ ದೇಶದ ಸರ್ಕಾರದ ಖಾತೆಗೆ ತಾನೆ, ಆ ಸರ್ಕಾರಕ್ಕೂ ಸಾಲಗಾರರು ಇರುವುದಿಲ್ಲವೇ ಎಂದರು. ವಿಪತ್ತು ಬಂದರೆ ಎರಡು ವರ್ಷದ ಕಂತು ಮುಂದೂಡಬಹುದೆಂಬ ಷರತ್ತನ್ನು ಕೆರಿಬಿಯನ್ ದ್ವೀಪರಾಷ್ಟ್ರ ಬಾರ್ಬಡೋಸ್ ತನ್ನ ಸಾಲಪತ್ರಗಳಲ್ಲೇ ಸೇರಿಸಿದೆ, ಅಂಥದೇ ಷರತ್ತನ್ನು ಬೆರಿಲ್ ಚಂಡಮಾರುತದ ನಂತರ 2024ರಲ್ಲಿ ಗ್ರೆನಡಾ ಬಳಸಿಯೂ ಇದೆ ಎಂದು ಹೇಳಿದೆ. ಮುಂದೂಡಿದ ಬಡ್ಡಿ ಏನಾಗುತ್ತದೆ ಎಂಬುದು ಅವರ ಮರುಪ್ರಶ್ನೆ. ಬಾರ್ಬಡೋಸ್‌ನ ಷರತ್ತಿನಲ್ಲಿ ಅದು ಅಸಲಿಗೆ ಸೇರುತ್ತದೆ ಎಂದೆ. ಹಾಗಾದರೆ ಅದೂ ನಮ್ಮ ಸೊಸೈಟಿಯ ಸಾಲವನ್ನು ಹೊಸದಾಗಿ ಬರೆದುಕೊಂಡಂತೆಯೇ ಆಯಿತಲ್ಲ ಎಂದು ಅವರು ಶುರು ಮಾಡುವಷ್ಟರಲ್ಲಿ ಪಕ್ಕದ ಮನೆಯವರು ಕಬ್ಬಿನ ಕಟಾವಿನ ಸರದಿ ವಿಚಾರಿಸಲು ಬಂದರು, ಮಾತು ಕಾರ್ಖಾನೆಯ ಬಾಕಿಯ ಕಡೆಗೆ ಹೊರಳಿತು.